ಸಾಂತಾ ಕ್ಲಾಸ್ ರ‍್ಯಾಲಿ

ಅಮೆರಿಕದ ಷೇರುಪೇಟೆಯಲ್ಲಿ ವರ್ಷದ ಕೊನೆಯ ಐದು ಹಾಗೂ ಜನವರಿಯ ಮೊದಲ ಎರಡು ವಹಿವಾಟು ದಿನಗಳಲ್ಲಿ ಹಲವು ಬಾರಿ ಕಂಡುಬಂದಿರುವ ಬೆಲೆ ಏರಿಕೆ. 1972ರಲ್ಲಿ ಇದನ್ನು ಗುರುತಿಸಿದವರು ‘ಸ್ಟಾಕ್ ಟ್ರೇಡರ್ಸ್ ಆಲ್ಮನಾಕ್’ ವಾರ್ಷಿಕದ ಸ್ಥಾಪಕ ಯೇಲ್ ಹಿರ್ಷ್. 1950ರಿಂದೀಚಿನ ಲೆಕ್ಕದಲ್ಲಿ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಈ ಏಳು ದಿನಗಳಲ್ಲಿ ಸರಾಸರಿ ಸುಮಾರು ಶೇ 1.3ರಷ್ಟು ಏರಿದೆ.

ಕಾರಣಗಳ ಬಗ್ಗೆ ಒಮ್ಮತವಿಲ್ಲ. ರಜೆಯ ದಿನಗಳಲ್ಲಿ ವಹಿವಾಟು ಕಡಿಮೆ, ಹಬ್ಬದ ಉತ್ಸಾಹ ಹೆಚ್ಚು ಎನ್ನುವುದುಂಟು. ತೆರಿಗೆಯ ವಿವರಣೆ ಇವೆರಡಕ್ಕಿಂತ ಗಟ್ಟಿಯಾದದ್ದು: ಅಲ್ಲಿ ವ್ಯಕ್ತಿಗಳ ತೆರಿಗೆ ವರ್ಷ ಸಾಮಾನ್ಯವಾಗಿ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಹೂಡಿಕೆದಾರರು ನಷ್ಟದ ಷೇರುಗಳನ್ನು ಅದರೊಳಗೆ ಮಾರಿ ತೆರಿಗೆ ಇಳಿಸಿಕೊಳ್ಳುತ್ತಾರೆ; ಆ ಒತ್ತಡ ತಗ್ಗಿದಾಗ ಬೆಲೆ ಚೇತರಿಸುತ್ತದೆ. ಸಣ್ಣ ಕಂಪನಿಗಳ ಷೇರುಗಳಲ್ಲಿ ಎದ್ದು ಕಾಣುವ ಜನವರಿ ತಿಂಗಳ ಬೆಲೆ ಏರಿಕೆಗೂ (‘ಜನವರಿ ಪರಿಣಾಮ’) ಇದೇ ಕಾರಣ ಕೊಡಲಾಗುತ್ತದೆ. ಸಿಡ್ನಿ ವಾಕ್ಟೆಲ್ 1942ರಲ್ಲೇ ಅದನ್ನು ಚರ್ಚಿಸಿದ್ದರು. ಭಾರತದ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಈ ತರ್ಕ ಮುಂಬಯಿ ಪೇಟೆಗೆ ಹಾಗೆಯೇ ಹೊಂದುವುದಿಲ್ಲ.

ಈ ಏರಿಕೆ ತಪ್ಪಿದರೆ ಮುಂದಿನ ವರ್ಷ ಪೇಟೆಗೆ ಕೇಡು ಎಂಬ ನಂಬಿಕೆಯೂ ಇದೆ. 1999–2000 ಮತ್ತು 2007–08ರಲ್ಲಿ ಹಾಗೇ ಆಯಿತು. ಆದರೆ ಇದನ್ನು ನೆಚ್ಚಿ ಹಣ ಹೂಡುವಂತಿಲ್ಲ: 2023–24ರಲ್ಲಿ ಆ ಏಳು ದಿನ ಇಳಿಕೆ ಕಂಡ ಸೂಚ್ಯಂಕ 2024ರಲ್ಲಿ ಒಟ್ಟಾರೆ ಶೇ 20ಕ್ಕೂ ಹೆಚ್ಚು ಏರಿತು.