ಬಣ್ಣ ಬೇರೆ, ಖಾರ ಬೇರೆ

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಕೊಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಸುಕ್ಕುಗಟ್ಟಿದ ಆ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನೋಟದಿಂದಲೇ ಖಾರವನ್ನು ಊಹಿಸಹೊರಟವರು ಮೋಸಹೋಗುತ್ತಾರೆ. ಮಿದುಳಿನ ಗಡ್ಡೆಯ ಉಗ್ರತೆಯನ್ನು ಅಳೆಯುವಾಗ ವೈದ್ಯರೂ ಬಹುಕಾಲ ಇಂಥದೇ ಇಕ್ಕಟ್ಟಿನಲ್ಲಿದ್ದರು.

ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವೆ ಕುಶಿಂಗ್ 1926ರಲ್ಲಿ ಗ್ಲಯೋಮಾ ಎಂಬ ಗಡ್ಡೆಗಳನ್ನು, ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶಗಳ ರೂಪದ ಮೇಲಿನಿಂದ ವಿಂಗಡಿಸಿದರು. 1949ರಲ್ಲಿ ಕರ್ನೋಹನ್ ಮತ್ತು ಅವರ ಸಂಗಡಿಗರು ಉಗ್ರತೆಗೆ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಟ್ಟರು. ಅದೇನೂ ಸಣ್ಣ ಕೆಲಸವಲ್ಲ. ದರ್ಜೆಗಳನ್ನು ನಾವು ಇಂದಿಗೂ ಬಿಟ್ಟಿಲ್ಲ. ಆದರೆ ಒಂದೇ ದರ್ಜೆಯ ಇಬ್ಬರಲ್ಲಿ ಒಬ್ಬರು ವರ್ಷಗಟ್ಟಲೆ ಬಾಳುವುದು, ಇನ್ನೊಬ್ಬರು ಕೆಲವೇ ತಿಂಗಳಲ್ಲಿ ತೀರಿಹೋಗುವುದು ನಡೆದೇ ಇದ್ದಿತು. "ಇನ್ನೆಷ್ಟು ಕಾಲ, ಡಾಕ್ಟರೇ?" ಎಂದು ಕೇಳುವ ಮನೆಯವರಿಗೆ ದೃಢವಾದ ಉತ್ತರ ಸಿಗುತ್ತಿರಲಿಲ್ಲ.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯ ಊರುಗಳು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1958ರಲ್ಲಿ ಡಾ. ಆರ್. ಎಂ. ವರ್ಮಾ ಅವರಿಂದ ಅಲ್ಲಿ ನರಶಸ್ತ್ರಚಿಕಿತ್ಸೆ ಮೊದಲಾಯಿತು. 1974ರಿಂದ ಆ ಸಂಸ್ಥೆ ನಿಮ್ಹಾನ್ಸ್ ಎನಿಸಿದೆ. ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಅಚ್ಚುಹಾಕಿ ಕಾಯ್ದಿಡುವುದು ರೋಗಪರೀಕ್ಷಕರ ವಾಡಿಕೆ. ಈ ಮೇಣದ ಅಚ್ಚನ್ನು ನೆನಪಿಡಿ, ಮುಂದೆ ಅದರ ಮಾತು ಬರುತ್ತದೆ.

ದೊಡ್ಡ ತಿರುವು ಬಂದದ್ದು 2008ರಲ್ಲಿ. ಗಡ್ಡೆಗಳ ಜೀನುಗಳನ್ನು ಓದುತ್ತಿದ್ದ ಅಮೆರಿಕದ ಸಂಶೋಧಕರು ಕೆಲವು ಗಡ್ಡೆಗಳಲ್ಲಿ ಐಡಿಎಚ್1 ಎಂಬ ಜೀನಿನಲ್ಲಿ ಒಂದು ಬದಲಾವಣೆ ಕಂಡರು. ಅದು ಇರುವ ರೋಗಿಗಳು ಇಲ್ಲದವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುವರೆಂಬುದೂ ಬೇಗನೆ ಸ್ಪಷ್ಟವಾಯಿತು. ನಮ್ಮವರೂ ಸುಮ್ಮನಿರಲಿಲ್ಲ. ನಿಮ್ಹಾನ್ಸಿನ ಡಾ. ವಾಣಿ ಸಂತೋಷ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮೊದಲಾದವರು 2013ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು: 14 ಜೀನುಗಳ ಚಟುವಟಿಕೆಯನ್ನು ಅಳೆದು, ಗ್ಲಯೋಬ್ಲಾಸ್ಟೋಮಾ ರೋಗಿಗಳಲ್ಲಿ ಹೆಚ್ಚು ಅಪಾಯದವರನ್ನೂ ಕಡಿಮೆ ಅಪಾಯದವರನ್ನೂ ಬೇರ್ಪಡಿಸಬಹುದು. ಅತ್ಯುಗ್ರವೆಂದು ಒಂದೇ ಹೆಸರಿಟ್ಟ ರೋಗದೊಳಗೂ ಭೇದಗಳುಂಟು ಎಂದಾಯಿತಲ್ಲವೆ?

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇಂಥ ಗುರುತುಗಳನ್ನು ರೋಗದ ಹೆಸರಿನೊಳಗೇ ಸೇರಿಸಿತು. 2021ರ ನಿಯಮ ಇನ್ನೂ ಖಚಿತ: ವಯಸ್ಕರ ಮಿದುಳಿನಲ್ಲಿ ಹಬ್ಬುವ ಆಸ್ಟ್ರೋಸೈಟೋಮಾ ನೋಟಕ್ಕೆ ಸಾಧುವಾಗಿದ್ದರೂ, ಐಡಿಎಚ್ ಬದಲಾವಣೆಯಿಲ್ಲದೆ ಏಳನೆಯ ವರ್ಣತಂತು ಹೆಚ್ಚಿ ಹತ್ತನೆಯದು ಕಳೆದಿದ್ದರೆ, ಅದು ನಾಲ್ಕನೆಯ ದರ್ಜೆಯ ಗ್ಲಯೋಬ್ಲಾಸ್ಟೋಮಾ. ವಿಕಿರಣ, ಔಷಧಗಳ ನಿರ್ಧಾರವೂ ಅದರಂತೆ ಬದಲಾಗುತ್ತದೆ.

ಆದರೂ ಈ ಗುರುತುಗಳು ಹೇಳುವುದು ಅನೇಕರ ಸರಾಸರಿಯನ್ನು. ಒಬ್ಬರ ಆಯುಷ್ಯದ ತಾರೀಖನ್ನಲ್ಲ. ತಮ್ಮ ಮನೆಯಲ್ಲಿ ಯಾರಿಗಾದರೂ ಈ ಶಸ್ತ್ರಚಿಕಿತ್ಸೆ ಆಗಿದ್ದರೆ ಐಡಿಎಚ್ ಪರೀಕ್ಷೆ ಆಯಿತೆ ಎಂದು ಕೇಳಿರಿ. ಬೇರೆ ಊರಿನ ವೈದ್ಯರಲ್ಲಿಗೆ ಹೋಗುವಾಗ ಸ್ಕ್ಯಾನಿನ ಜೊತೆಗೆ ಆ ಮೇಣದ ಅಚ್ಚನ್ನೂ ಕೇಳಿ ಪಡೆದು ಒಯ್ಯಿರಿ. ಹೊಸ ಪರೀಕ್ಷೆಗೆ ಬಹುಮಟ್ಟಿಗೆ ಅದೇ ಸಾಕಾಗುತ್ತದೆ. ತಲೆಯನ್ನು ಮತ್ತೆ ತೆರೆಯಬೇಕಾಗುವುದಿಲ್ಲ.