ವಾಗ್ದಾನವನ್ನು ನಂಬಿ ನಡೆದ ಸಂತ ಜೋಸೆಫ್ ವಾಜರು

ಧರ್ಮಸಭೆಯು ಉಳಿದು ಬಂದುದು ಮನುಷ್ಯಬಲದಿಂದಲ್ಲ, ಪ್ರಭುವಿನ ವಾಗ್ದಾನದಿಂದ ಎಂಬುದಕ್ಕೆ ಸಿಂಹಳದ್ವೀಪದ ಚರಿತ್ರೆಯೇ ಸಾಕ್ಷಿ. ಅಲ್ಲಿ ಪೋರ್ಚುಗೀಸರ ಕೋಟೆಗಳೇ ವಿಶ್ವಾಸಕ್ಕೆ ಕಾವಲೆಂದು ತೋರುತ್ತಿದ್ದವು. 1658ರಲ್ಲಿ ಡಚ್ಚರು ಜಾಫ್ನಾವನ್ನು ಗೆದ್ದಾಗ ಆ ಕಾವಲು ಕುಸಿಯಿತು, ಗುರುಗಳು ಗಡೀಪಾರಾದರು, ಮಂದೆಯು ಕುರುಬನಿಲ್ಲದೆ ಉಳಿಯಿತು.

1651ರಲ್ಲಿ ಗೋವೆಯಲ್ಲಿ ಜನಿಸಿದ ಜೋಸೆಫ್ ವಾಜರು ನಮ್ಮ ಕೆನರಾ ಕರಾವಳಿಗೆ ಅಪರಿಚಿತರಲ್ಲ. 1681ರಿಂದ 1684ರವರೆಗೆ ಇಲ್ಲಿಯೇ ಸೇವೆ ಸಲ್ಲಿಸಿದವರು. 1687ರಲ್ಲಿ ಅವರು ವೇಷ ಮರೆಸಿಕೊಂಡು ಸಿಂಹಳಕ್ಕೆ ದಾಟಿದರು. ಬೆನ್ನಿಗೆ ಸೇನೆಯಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ. ಸದಾ ನಿಮ್ಮೊಡನಿರುವೆನೆಂದು ಪ್ರೇಷಿತರಿಗೆ ಪ್ರಭುವಿತ್ತ ಮಾತೊಂದೇ ಅವರ ಆಸ್ತಿ.

1692ರಲ್ಲಿ ಕ್ಯಾಂಡಿಯ ಅರಸನು ಗೂಢಚಾರರೆಂದು ಶಂಕಿಸಿ ಅವರನ್ನು ಸೆರೆಯಲ್ಲಿಟ್ಟನು. ಸೆರೆಯಲ್ಲಿಯೇ ಪ್ರಾರ್ಥನಾಲಯವೊಂದು ಎದ್ದಿತು. 1697ರಲ್ಲಿ ಸಿಡುಬು ಹಬ್ಬಿ, ಬಂಧುಗಳೇ ರೋಗಿಗಳನ್ನು ತೊರೆದಾಗ, ಮತಭೇದವೆಣಿಸದೆ ಶುಶ್ರೂಷೆಗೈದರು. ವಾಗ್ದಾನವನ್ನು ನಂಬಿದ ಅವರು ಕೈಕಟ್ಟಿ ಕುಳಿತವರಲ್ಲವೆಂಬುದನ್ನು ನಾವು ಗಮನಿಸಬೇಕು. ತಮಿಳು, ಸಿಂಹಳ ಭಾಷೆಗಳನ್ನು ಕಲಿತರು, ಕಾಡುದಾರಿಗಳನ್ನು ತುಳಿದರು. ಫಲವನ್ನು ಮಾತ್ರ ತಮ್ಮ ದುಡಿಮೆಯ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ದೈವಾಧೀನರಾದರು. ಡಚ್ಚರ ಆಳ್ವಿಕೆ 1796ರಲ್ಲಿ ಕೊನೆಗೊಂಡಿತು. ಅವರು ನಿಷೇಧಿಸಿದ್ದ ವಿಶ್ವಾಸವು ಉಳಿಯಿತು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ವಾಜರನ್ನು ಸಂತರೆಂದು ಸಾರಿದರು.

ಹಿರಿಯರು ಬೆವರು ಸುರಿಸಿ ಕಟ್ಟಿದ ಈ ದೇವಾಲಯಕ್ಕೆ ನೂರು ತುಂಬಿದಾಗ ನಾವು ಹೆಮ್ಮೆಪಡುವುದು ಸಹಜ. ಆದರೆ ಸಿಂಹಳದಲ್ಲಿ ಕೋಟೆಗಳು ಬಿದ್ದ ಮೇಲೆಯೂ ಉಳಿದುದು ಯಾವುದೋ, ಮುಂದಿನ ಪೀಳಿಗೆಗೆ ನಾವು ಒಪ್ಪಿಸಬೇಕಾದುದೂ ಅದನ್ನೇ.