ಪಾಂಜರಾಪೋಳದಿಂದ ಶೆಲ್ಟರ್‌ವರೆಗೆ: ಸಗಣಿ ಬಾಚಿದವರ ಇತಿಹಾಸ

ನಮ್ಮೂರುಗಳಲ್ಲಿ ಬೆಳಗ್ಗೆ ಎದ್ದರೆ ಮೊದಲ ಕೆಲಸ ಕೊಟ್ಟಿಗೆಯದು. ಸಗಣಿ ಬಾಚಬೇಕು, ಗಂಜಲ ನಿಂತ ಕಡೆ ನೀರು ಹೊಡೆಯಬೇಕು, ಗೋದಲಿಗೆ ಮೇವು ಹಾಕಬೇಕು, ಬಾನಿಗೆ ನೀರು ತುಂಬಬೇಕು. ಎರಡು ಹಸು, ಒಂದು ಕರು ಇರುವ ಮನೆಯಲ್ಲೇ ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಬೆಳೆದ ಒಂದು ದನ ದಿನಕ್ಕೆ 10ರಿಂದ 15 ಕೆಜಿ ಸಗಣಿ ಹಾಕುತ್ತದೆ, 40ರಿಂದ 60 ಲೀಟರ್ ನೀರು ಕುಡಿಯುತ್ತದೆ. ಒಂದೇ ಆವರಣದಲ್ಲಿ 100 ದನ ಇದ್ದರೆ ದಿನಕ್ಕೆ ಒಂದು ಟನ್‌ಗೂ ಹೆಚ್ಚು ಸಗಣಿ ಎತ್ತಬೇಕು, 4 ಸಾವಿರ ಲೀಟರಿಗೂ ಹೆಚ್ಚು ನೀರು ತುಂಬಬೇಕು. ಹಳ್ಳಿಯಲ್ಲಾದರೆ ತಿಪ್ಪೆ ಇದೆ, ಹೊಲ ಇದೆ. ಪೇಟೆಯ ನಡುವೆ? ಹುಲ್ಲು ದೂರದಿಂದ ಬರಬೇಕು, ಸಗಣಿ ದೂರಕ್ಕೆ ಹೋಗಬೇಕು. ಒಂದು ದಿನವೂ ರಜೆ ಇಲ್ಲ. ಹಬ್ಬಕ್ಕೂ ಇಲ್ಲ, ಮಳೆಗೂ ಇಲ್ಲ.

ಪೇಟೆಯಲ್ಲಿ ಗತಿಯಿಲ್ಲದ ಪ್ರಾಣಿಗಳನ್ನು ಸಾಕುವ ಜಾಗಗಳು ನಮ್ಮ ದೇಶದಲ್ಲಿ ಹೇಗೆ ಶುರುವಾದವು, ಅಲ್ಲಿ ದಿನವೂ ಏನು ಕೆಲಸ ನಡೆಯುತ್ತಿತ್ತು, ಈಗ ಏನು ನಡೆಯುತ್ತದೆ? ಈ ಬಾರಿ ಅದನ್ನು ಬರೆಯುತ್ತಿದ್ದೇವೆ. ಇದು ಪೇಟೆಯವರ ವಿಷಯ ಅಂತ ಬಿಡಬೇಡಿ. ಕೊನೆಗೆ ಇದು ನಮ್ಮ ಊರಿನ ಶಾಲೆಯ ಗೇಟಿನ ತನಕ ಬಂದು ನಿಲ್ಲುತ್ತದೆ.

ದೊಡ್ಡಿ ಬೇರೆ, ಆಶ್ರಯ ಬೇರೆ

ಹಳೆಯ ಊರುಗಳಲ್ಲಿ ದೊಡ್ಡಿ ಇತ್ತು. ಉತ್ತರ ಕರ್ನಾಟಕದ ಕಡೆ ಕೊಂಡವಾಡ ಅನ್ನುತ್ತಾರೆ. ಪಕ್ಕದವರ ದನ ಬಂದು ಪೈರು ಮೇಯ್ದರೆ ಹಿಡಿದು ಅಲ್ಲಿಗೆ ಹೊಡೆಯುತ್ತಿದ್ದರು. ಇದಕ್ಕೆ ಬ್ರಿಟಿಷರು 1871ರಲ್ಲಿ ಕಾನೂನನ್ನೇ ಮಾಡಿದರು. ಹಿಡಿದ ದನವನ್ನು 24 ಗಂಟೆಯೊಳಗೆ ದೊಡ್ಡಿಗೆ ಸೇರಿಸಬೇಕು. ಮಾಲೀಕ ದಂಡ ಮತ್ತು ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಏಳು ದಿನ ಯಾರೂ ಬಾರದಿದ್ದರೆ ಪೊಲೀಸರಿಗೆ ತಿಳಿಸಿ, ನೋಟಿಸ್ ಕೊಟ್ಟು, ಆಮೇಲೆ ಹರಾಜು.

ಅಂದರೆ ದೊಡ್ಡಿ ಇದ್ದದ್ದು ಬೆಳೆ ಕಾಯಲು. ಬೆಲೆ ಇರುವ ದನಕ್ಕೆ ಮಾತ್ರ ಅಲ್ಲಿ ಅರ್ಥ. ಕಾಲು ಮುರಿದ ಎತ್ತು, ಕಣ್ಣು ಹೋದ ಕುದುರೆ, ಕಜ್ಜಿ ಹತ್ತಿದ ನಾಯಿ, ಇವನ್ನು ಹರಾಜಿನಲ್ಲಿ ಕೂಗುವವರು ಯಾರು? ಅವುಗಳಿಗೆ ಬೇಕಾದದ್ದು ಇನ್ನೊಂದು ಜಾಗ.

ಆ ಇನ್ನೊಂದು ಜಾಗದ ಯೋಚನೆ ತುಂಬಾ ಹಳೆಯದು. ಅಶೋಕನ ಎರಡನೇ ಬಂಡೆಗಲ್ಲು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಮಾತಿದೆ. ಅವನ ಬಂಡೆಗಲ್ಲು ಶಾಸನಗಳು ನಮ್ಮ ಗಡಿಯಾಚೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಸಿಕ್ಕಿವೆ. 16ನೇ ಶತಮಾನದ ಕೊನೆಯಲ್ಲಿ ಬಂದ ರಾಲ್ಫ್ ಫಿಚ್ ಎಂಬ ಇಂಗ್ಲಿಷ್ ವ್ಯಾಪಾರಿ, ಗುಜರಾತಿನ ಖಂಬಾತದಲ್ಲಿ ಕುಂಟ ನಾಯಿ, ಬೆಕ್ಕು, ಹಕ್ಕಿಗಳಿಗೆ ಆಸ್ಪತ್ರೆಗಳಿರುವುದನ್ನು ಬರೆದಿದ್ದಾನೆ. ಜೈನ ಮತ್ತು ವೈಷ್ಣವ ವರ್ತಕರು ನಡೆಸುತ್ತಿದ್ದ ಇಂಥ ಜಾಗಕ್ಕೆ ಗುಜರಾತಿನಲ್ಲಿ ಪಾಂಜರಾಪೋಳ ಅನ್ನುತ್ತಾರೆ. ನಮ್ಮ ಕಡೆ ಅದು ಪಿಂಜರಾಪೋಲ್ ಆಯಿತು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್ ಗೊತ್ತೇ ಇದೆ.

ನಾಯಿಗಾಗಿ ಎದ್ದ ಗಲಾಟೆ

ಆದರೆ ದೊಡ್ಡ ಪೇಟೆಯ ಆಶ್ರಯದ ಕಥೆ ಹೇಳಬೇಕಾದರೆ 1832ರ ಬೊಂಬಾಯಿಗೆ ಹೋಗಬೇಕು.

ಆಗ ಕಂಪನಿ ಸರ್ಕಾರ. ಬಿಸಿಲುಗಾಲದಲ್ಲಿ ಹುಚ್ಚುನಾಯಿಗಳ ಭಯ ಅಂತ ಬೀದಿನಾಯಿಗಳನ್ನು ಕೊಲ್ಲಲು 1813ರಿಂದಲೇ ನಿಯಮವಿತ್ತು. 1832ರಲ್ಲಿ ಕೊಲ್ಲುವ ಅವಧಿಯನ್ನು ಜೂನ್ ತಿಂಗಳವರೆಗೆ ಚಾಚಿದರು. ಒಂದು ನಾಯಿಗೆ ಎಂಟಾಣೆ ಇನಾಮು. ಎಂಟಾಣೆ ಆಗ ಸಣ್ಣ ದುಡ್ಡಲ್ಲ. ಆಸೆಗೆ ಬಿದ್ದ ಪೇದೆಗಳು ಮನೆಯಂಗಳದ ಸಾಕುನಾಯಿಗಳನ್ನೂ ಎಳೆದು ತರತೊಡಗಿದರು.

ಪಾರ್ಸಿಗಳಿಗೆ ನಾಯಿ ಬರೀ ಕಾವಲಿನ ಪ್ರಾಣಿ ಅಲ್ಲ. ಸತ್ತವರ ದೇಹದ ಮುಂದೆ ನಾಯಿಯನ್ನು ತಂದು ನೋಡಿಸುವುದು ಅವರ ಅಂತ್ಯಕ್ರಿಯೆಯ ಒಂದು ಭಾಗ. ಜೂನ್ 6 ಅವರಿಗೆ ಪವಿತ್ರ ದಿನವೂ ಆಗಿತ್ತು. ಅವತ್ತೇ ಕೋಟೆ ಪ್ರದೇಶದಲ್ಲಿ ಜನ ಸೇರಿ ನಾಯಿ ಹಿಡಿಯುವವರ ಮೇಲೆ ಬಿದ್ದರು. ಮರುದಿನ ಅಂಗಡಿ ಮುಂಗಟ್ಟು ಬಂದ್. ಜೈನರು, ಹಿಂದೂಗಳು ಕೂಡ ಸೇರಿಕೊಂಡರು. ಸಿಪಾಯಿಗಳ ಊಟ ನೀರಿನ ಪೂರೈಕೆಗೂ ತಡೆ ಬಿತ್ತು. ಸೈನ್ಯ ಬಂದು ಗುಂಪು ಚದುರಿಸಬೇಕಾಯಿತು.

ಗಲಾಟೆ ಮುಗಿದ ಮೇಲೂ ಪ್ರಶ್ನೆ ಉಳಿಯಿತು. ಕೊಲ್ಲಬಾರದು, ಸರಿ. ಬೀದಿಯಲ್ಲಿ ಹೀಗೇ ಬಿಡುವುದಕ್ಕೂ ಜನರಿಗೆ ಭಯ. ಹಾಗಾದರೆ ಎಲ್ಲಿ ಇಡುವುದು?

ಇದಕ್ಕೆ ಉತ್ತರ ಕೊಡಲು ಮುಂದೆ ಬಂದವರು ಇಬ್ಬರು ವ್ಯಾಪಾರಿಗಳು. ಒಬ್ಬರು ಪಾರ್ಸಿ ಜಮ್ಶೆಟ್ಜಿ ಜೀಜೀಭಾಯ್, ಇಂದಿಗೂ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಅವರ ಹೆಸರಿದೆ. ಇನ್ನೊಬ್ಬರು ಜೈನ ವರ್ತಕ ಮೋತಿಚಂದ್ ಅಮೀಚಂದ್. 1834ರಲ್ಲಿ ಭುಲೇಶ್ವರದಲ್ಲಿ ಬೊಂಬಾಯಿ ಪಾಂಜರಾಪೋಳ ಶುರುವಾಯಿತು. ನಾಯಿಗಳಿಗೆ ಅಂತ ಎದ್ದ ಪ್ರಶ್ನೆಯಿಂದ ಹುಟ್ಟಿದ ಜಾಗಕ್ಕೆ ದನ, ಕುದುರೆ, ಆಡು, ಹಕ್ಕಿಗಳೂ ಬಂದವು. ಭುಲೇಶ್ವರದ ಕಿಕ್ಕಿರಿದ ಗಲ್ಲಿಗಳ ನಡುವೆ ಇಂದಿಗೂ ಅಲ್ಲಿ ದನಗಳಿವೆ.

ದುಡ್ಡು ಯಾರದು, ಕೆಲಸ ಯಾರದು

ಇಂಥ ಜಾಗಗಳಿಗೆ ದುಡ್ಡು ಬರುತ್ತಿದ್ದ ಬಗೆ ನಮ್ಮ ರೈತರಿಗೆ ಬೇಗ ಅರ್ಥವಾಗುತ್ತದೆ. ಪಶ್ಚಿಮ ಭಾರತದ ವರ್ತಕರು ಹತ್ತಿ, ಸಕ್ಕರೆ ಮುಂತಾದ ಸರಕಿನ ವಹಿವಾಟಿನ ಮೇಲೆ ತಾವೇ ಒಂದಿಷ್ಟು ಕಾಸು ಹಾಕಿಕೊಂಡು ಪಾಂಜರಾಪೋಳಕ್ಕೆ ಕೊಡುತ್ತಿದ್ದರು. ಮಂಡಿಗೆ ಮಾಲು ಹಾಕಿದಾಗ ಲೆಕ್ಕದ ಚೀಟಿಯಲ್ಲಿ 'ಧರ್ಮ' ಅಂತ ಕಾಸು ಹಿಡಿಯುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು, ಹೆಚ್ಚುಕಡಿಮೆ ಅದೇ ರೀತಿ. ದಾನಿಯ ಹೆಸರು ವರ್ತಕರದು. ಆದರೆ ಆ ಹತ್ತಿಯನ್ನು ಬೆಳೆದವನ ಪಾಲೂ ಅದರಲ್ಲಿ ಸ್ವಲ್ಪ ಸೇರಿತ್ತು ಅಂತ ನಮಗೆ ಅನ್ನಿಸುತ್ತದೆ.

ಇತಿಹಾಸದಲ್ಲಿ ಉಳಿದದ್ದು ದುಡ್ಡು ಕೊಟ್ಟವರ ಹೆಸರು. ದಿನಾ ಸಗಣಿ ಬಾಚಿದ, ಹುಲ್ಲಿನ ಹೊರೆ ಹೊತ್ತ, ಸತ್ತ ಪ್ರಾಣಿಯನ್ನು ಎಳೆದು ಸಾಗಿಸಿದ ಕೈಗಳ ಹೆಸರು ಸಿಗುವುದಿಲ್ಲ. ಕಟ್ಟಡ ಕಟ್ಟಲು ಒಮ್ಮೆ ದುಡ್ಡು ಸಾಕು. ನಡೆಸಲು ಪ್ರತಿದಿನ ಯಾರಾದರೂ ಬಗ್ಗಬೇಕು.

ಹಳೆಯ ಪಾಂಜರಾಪೋಳಗಳ ಮೇಲೆ ಇದ್ದ ದೂರು ಕೂಡ ಇದೇ. ಪ್ರಾಣಿಯನ್ನು ಕೊಲ್ಲುವುದಿಲ್ಲ, ಆದರೆ ಗಾಯಕ್ಕೆ ಮದ್ದೂ ಸರಿಯಾಗಿ ಇಲ್ಲ, ಸಾಯುವ ತನಕ ಇಟ್ಟುಕೊಳ್ಳುತ್ತಾರೆ ಅಷ್ಟೇ ಅಂತ ನೋಡಿದವರು ಟೀಕಿಸುತ್ತಿದ್ದರು. ಈ ಕೊರತೆ ತುಂಬಿದ್ದು ಆಸ್ಪತ್ರೆ. 1880ರ ದಶಕದಲ್ಲಿ ಬೊಂಬಾಯಿಯ ಪರೇಲಿನಲ್ಲಿ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ತಮ್ಮ ಹೆಂಡತಿ ಸಕರ್‌ಬಾಯಿಯವರ ಹೆಸರಲ್ಲಿ ಪ್ರಾಣಿಗಳ ಆಸ್ಪತ್ರೆಗೆ ನೆರವು ಕೊಟ್ಟರು. 1886ರಲ್ಲಿ ಅಲ್ಲೇ ಬೊಂಬಾಯಿ ಪಶುವೈದ್ಯ ಕಾಲೇಜು ಶುರುವಾಯಿತು. ಕಲ್ಕತ್ತಾದಲ್ಲಿ ಅದಕ್ಕೂ ಮೊದಲೇ, 1861ರಲ್ಲಿ, ಕೋಲ್ಸ್‌ವರ್ದಿ ಗ್ರಾಂಟ್ ಎಂಬುವರು ಪ್ರಾಣಿಹಿಂಸೆ ತಡೆಯುವ ಸಂಘ ಕಟ್ಟಿದ್ದರು. ಹೆಗಲು ಹುಣ್ಣಾದ ಗಾಡಿ ಎತ್ತು, ಕುದುರೆಗಳೇ ಆ ಸಂಘದ ದೊಡ್ಡ ಚಿಂತೆ.

ಸ್ವಾತಂತ್ರ್ಯ ಬಂದ ಮೇಲೆ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಈ ವಿಷಯ ಹಿಡಿದು ಖಾಸಗಿ ಮಸೂದೆ ತಂದರು. ಆಮೇಲೆ ಸರ್ಕಾರವೇ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಮಾಡಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಬಂತು. ಅದರ ಮೊದಲ ಅಧ್ಯಕ್ಷೆ ಅವರೇ.

ಹೊಕ್ಕುಳ ಸುತ್ತ 14 ಸೂಜಿ

ನಾಯಿಯ ಪ್ರಶ್ನೆ ಮಾತ್ರ ಹಾಗೇ ಇತ್ತು. ಅದಕ್ಕೆ ಕಾರಣ ರೇಬಿಸ್. ಒಮ್ಮೆ ರೋಗದ ಲಕ್ಷಣ ಕಾಣಿಸಿತೆಂದರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಲಸಿಕೆ ಕೊಟ್ಟು ಒಬ್ಬ ಹುಡುಗನನ್ನು ಉಳಿಸಿದರು. ನಮ್ಮಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ ಬಹಳ ವರ್ಷ ನಡೆಯಿತು. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಅಜ್ಜಿಯರು ಹೆದರಿಸುತ್ತಿದ್ದದ್ದು ಇದನ್ನೇ. 2005ರ ಹೊತ್ತಿಗೆ ಅದು ನಿಂತಿತು. ಈಗ ತೋಳಿಗೆ ಕೊಡುವ ಕೆಲವೇ ಸೂಜಿ.

ಮದ್ರಾಸಿನಲ್ಲಿ ನಗರಸಭೆಯವರು ತಲೆಮಾರುಗಟ್ಟಲೆ ನಾಯಿ ಹಿಡಿದು ಕೊಂದರು. ಸಂಖ್ಯೆ ಇಳಿಯಲಿಲ್ಲ. ಒಂದು ಬೀದಿ ಖಾಲಿಯಾದರೆ ಅಲ್ಲಿನ ಎಂಜಲು, ಕಸ ಹುಡುಕಿಕೊಂಡು ಪಕ್ಕದ ಬೀದಿಯ ನಾಯಿ ಬರುತ್ತದೆ, ಮರಿ ಹಾಕುತ್ತದೆ. 1959ರಲ್ಲಿ ಕ್ಯಾಪ್ಟನ್ ವಿ. ಸುಂದರಂ ಅಲ್ಲಿ ಬ್ಲೂ ಕ್ರಾಸ್ ಕಟ್ಟಿದರು. ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ ಅಂತ ಆ ಸಂಸ್ಥೆ ದಶಕಗಳ ಕಾಲ ಹೇಳಿತು. 1990ರ ದಶಕದಲ್ಲಿ ಮದ್ರಾಸ್ ನಗರಸಭೆ ಒಪ್ಪಿತು. 2001ರಲ್ಲಿ ಅದೇ ಇಡೀ ದೇಶದ ನಿಯಮವಾಯಿತು, 2023ರಲ್ಲಿ ಹೊಸ ರೂಪ ಪಡೆಯಿತು. ಕಿವಿಯ ತುದಿ ಕತ್ತರಿಸಿದ ಬೀದಿನಾಯಿ ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ.

ನಮ್ಮ ಬೆಂಗಳೂರಿನ ಕಥೆಯಲ್ಲಿ ಒಬ್ಬ ಅಜ್ಜಿ ಬರುತ್ತಾರೆ. ಕ್ರಿಸ್ಟಲ್ ರೋಜರ್ಸ್, ಇಂಗ್ಲೆಂಡಿನವರು. 1959ರಲ್ಲಿ ದೆಹಲಿಯಲ್ಲಿ, 1980ರಲ್ಲಿ ಜೈಪುರದಲ್ಲಿ ಪ್ರಾಣಿಗಳ ಆಶ್ರಯ ಶುರು ಮಾಡಿದವರು, 1991ರಲ್ಲಿ ಬೆಂಗಳೂರಿನಲ್ಲಿ ಕ್ಯೂಪಾ ಸಂಸ್ಥೆಗೆ ಕಾರಣರಾದರು. ಆಗ ಅವರಿಗೆ 80 ದಾಟಿತ್ತು.

ಈಗಿನ ಒಂದು ದಿನ

ಇವತ್ತಿನ ಪೇಟೆಯ ಶೆಲ್ಟರ್‌ನಲ್ಲೂ ಬೆಳಗು ಶುರುವಾಗುವುದು ಪೊರಕೆಯಿಂದಲೇ. ಗೂಡುಗಳ ಹೇಲು ಉಚ್ಚೆ ತೊಳೆಯುವುದು ಮೊದಲು. ಅದರಲ್ಲೂ ಒಂದು ಕ್ರಮ ಇದೆ. ಆರೋಗ್ಯವಾಗಿರುವ ಪ್ರಾಣಿಗಳ ಗೂಡು ಮೊದಲು, ರೋಗದ ಗೂಡು ಕೊನೆಗೆ. ತಿರುಗುಮುರುಗು ಮಾಡಿದರೆ ಪೊರಕೆ, ಚಪ್ಪಲಿಗಳೇ ರೋಗ ಹೊರುತ್ತವೆ. ನಾಯಿಮರಿಗಳಿಗೆ ರಕ್ತಭೇದಿ ತರುವ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬರೀ ನೀರಿಗೆ ಅದು ಸಾಯುವುದಿಲ್ಲ, ಬ್ಲೀಚಿಂಗ್ ಬೇಕು. ಹೊಸದಾಗಿ ಬಂದ ಪ್ರಾಣಿಯನ್ನು ಕೆಲವು ದಿನ ಬೇರೆ ಇಡುವುದೂ ಇದಕ್ಕೇ.

ಗೂಡು ತೊಳೆಯುವವರೇ ಮೊದಲ ಡಾಕ್ಟರ್ ಇದ್ದಂತೆ. ಯಾವುದು ನಿನ್ನೆಯ ಅನ್ನ ಮುಟ್ಟಿಲ್ಲ, ಯಾವುದು ಮೂಲೆ ಹಿಡಿದಿದೆ, ಯಾವುದರ ಹೇಲಿನಲ್ಲಿ ರಕ್ತ ಇದೆ, ಇವೆಲ್ಲ ಅವರ ಕಣ್ಣಿಗೇ ಮೊದಲು ಬೀಳುವುದು. ಆಮೇಲೆ ಡಾಕ್ಟರ್ ಬರುತ್ತಾರೆ. ವಾಹನ ಬಡಿದು ಸೊಂಟ ಹೋದ ನಾಯಿಯನ್ನು ಹೊರಳಿಸಿ ಮಲಗಿಸಬೇಕು, ಇಲ್ಲದಿದ್ದರೆ ಒತ್ತಿ ಹುಣ್ಣಾಗುತ್ತದೆ. ಹುಳ ಬಿದ್ದ ಗಾಯಕ್ಕೆ ಟರ್ಪೆಂಟೈನ್ ಹಚ್ಚಿ, ಹೊರಬಂದ ಹುಳಗಳನ್ನು ಒಂದೊಂದಾಗಿ ಚಿಮಟದಲ್ಲಿ ತೆಗೆಯಬೇಕು. ನಮ್ಮೂರಲ್ಲಿ ಸೀತಾಫಲದ ಎಲೆ ಅರೆದು ಹಚ್ಚುವವರಿಗೆ ಈ ಕೆಲಸದ ತಾಳ್ಮೆ ಗೊತ್ತು. ಪೇಟೆಯಲ್ಲಿ ಮೇಯ್ದ ದನಗಳ ಹೊಟ್ಟೆ ಕೊಯ್ದಾಗ ಹತ್ತಾರು ಕೆಜಿ ಪ್ಲಾಸ್ಟಿಕ್ ಬಂದ ಪ್ರಕರಣಗಳಿವೆ.

ಈ ಕೆಲಸ ಮಾಡುವವರು ತಮಗೂ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿಕೊಂಡಿರಬೇಕು. ಇವರಲ್ಲಿ ಎಷ್ಟೋ ಜನ ಹಳ್ಳಿಯಿಂದ ಹೋದವರೇ. ಕೊಟ್ಟಿಗೆಯಲ್ಲಿ ಕಲಿತ ಕೈ ಅಲ್ಲಿ ಸಂಬಳಕ್ಕೆ ದುಡಿಯುತ್ತಿದೆ.

ಮತ್ತೆ ಅದೇ ಪ್ರಶ್ನೆ

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಾಧೀಶರ ಪೀಠ ಅದನ್ನು ಬದಲಿಸಿತು: ಆಪರೇಷನ್, ಲಸಿಕೆ ಆದವನ್ನು ಹಿಡಿದ ಜಾಗಕ್ಕೇ ಬಿಡಿ, ರೇಬಿಸ್ ಇರುವ ಮತ್ತು ಮೈಮೇಲೆ ಎಗರುವ ನಾಯಿಗಳನ್ನು ಬಿಡಬೇಡಿ. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಶೆಲ್ಟರ್‌ಗೆ ಸಾಗಿಸಲು ಹೇಳಿತು.

1832ರ ಪ್ರಶ್ನೆ ನಮ್ಮ ಶಾಲೆಯ ಗೇಟಿಗೆ ಬಂದು ನಿಂತಿತು: ಎಲ್ಲಿ ಇಡುವುದು?

ಮಗುವಿಗೆ ನಾಯಿ ಕಚ್ಚಿದ ತಾಯಿಯ ಸಿಟ್ಟು ಸುಳ್ಳಲ್ಲ. ಬೀದಿಯ ನಾಯಿಗೆ ದಿನಾ ಅನ್ನ ಹಾಕುವವರ ಪ್ರೀತಿಯೂ ಸುಳ್ಳಲ್ಲ. ಆದರೆ ಎರಡೂ ಕಡೆಯವರು 'ಶೆಲ್ಟರ್' ಅಂದಾಗ ಮೇಲಿನ ಲೆಕ್ಕ ನೆನಪಿರಲಿ. ಪೊರಕೆ ಹಿಡಿಯುವ ಕೈ, ಮೇವು, ನೀರು, ಡಾಕ್ಟರ್, ದಿನದಿನದ ದುಡ್ಡು ಇಲ್ಲದ ಶೆಲ್ಟರ್ ಬರೀ ಗೋಡೆ ಕಟ್ಟಿದ ಜಾಗ. ಅದರೊಳಗೆ ರೋಗ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ಅಷ್ಟೇ.

ನಾವು ಮಾಡಬಹುದಾದದ್ದು ಇದೆ. ಊರಿನ ನಾಯಿಗಳಿಗೆ ಲಸಿಕೆ ಮತ್ತು ಆಪರೇಷನ್ ಮಾಡಿಸುವ ಜವಾಬ್ದಾರಿ ಸ್ಥಳೀಯ ಸಂಸ್ಥೆಯದು. ಮುಂದಿನ ಗ್ರಾಮಸಭೆಯಲ್ಲಿ ಅದಕ್ಕೆ ಎಷ್ಟು ದುಡ್ಡು ಇಟ್ಟಿದ್ದೀರಿ ಅಂತ ಕೇಳಿ. ಹೆಣ್ಣುಮರಿ ಬೇಡವೆಂದು ಗೋಣಿಚೀಲದಲ್ಲಿ ಕಟ್ಟಿ ಪೇಟೆಯ ರಸ್ತೆಗೆ ಬಿಟ್ಟು ಬರಬೇಡಿ. ಜಾನುವಾರಿಗೆ ಏಟಾದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಇರುವ ಉಚಿತ ನಂಬರ್ ಅದು. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚದೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಪೇಟೆಯ ಶೆಲ್ಟರ್‌ನಲ್ಲಿ ಕೆಲಸ ಮಾಡುವ ನಿಮ್ಮೂರ ಹುಡುಗನೋ ಹುಡುಗಿಯೋ ಹಬ್ಬಕ್ಕೆ ಊರಿಗೆ ಬಂದಾಗ, 'ನಾಯಿ ಹೇಲು ತೊಳೆಯುವ ಕೆಲಸ' ಅಂತ ನಗಬೇಡಿ. ಸುಮಾರು 200 ವರ್ಷಗಳ ಹಳೆಯ ಪ್ರಶ್ನೆಗೆ ದಿನವೂ ಉತ್ತರ ಕೊಡುತ್ತಿರುವವರು ಅವರೇ.